ಕುಳಿತುಕೊಳ್ಳಲು ಬಾರದ ಮಾಸ್ತರರು

ಭೀಮಾಶಂಕರ ಮಾಸ್ತರರ ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಎರಡು ತಿಂಗಳು ಮೊದಲೇ ಸವೆಯುತ್ತಿತ್ತು. ತರಗತಿಯ ಈ ಗೋಡೆಯಿಂದ ಆ ಗೋಡೆಯವರೆಗೆ ನಡೆದು, ಅಲ್ಲಿ ಎಡ ಹಿಮ್ಮಡಿಯ ಮೇಲೆ ಗರ್ರನೆ ತಿರುಗಿ, ಮತ್ತೆ ಈ ಗೋಡೆಗೆ ಬಂದು, ಹೀಗೆ ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಅವರು ನಡೆದದ್ದನ್ನೆಲ್ಲ ಉದ್ದಕ್ಕೆ ಹಾಸಿದ್ದರೆ ವಡಗೇರಾದಿಂದ ಶಹಾಪುರ ಮುಟ್ಟುತ್ತಿತ್ತೇನೋ. ಅವರಿಗೊಂದು ಕುರ್ಚಿ ಇರಲಿಲ್ಲವೆಂದಲ್ಲ. ಅದರ ಮೇಲೆ ಹಾಜರಿ ಪುಸ್ತಕ, ನೀರಿನ ತಂಬಿಗೆ, ಚಳಿಗಾಲದಲ್ಲಿ ಅವರ ಕಂದು ಬಣ್ಣದ ಜಾಕೀಟು, ಇವು ಸುಖವಾಗಿ ಕುಳಿತಿರುತ್ತಿದ್ದವು. ಮಾಸ್ತರರು ಕುಳಿತದ್ದನ್ನು ಮಾತ್ರ ನಾವು ಯಾರೂ ಕಂಡಿರಲಿಲ್ಲ.

ಅದಕ್ಕೊಂದು ಪೂರ್ವೇತಿಹಾಸವಿತ್ತು. ವನದುರ್ಗದ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲಿ ಒಂದೆಡೆ ಕುಳಿತರೆ ಅಕ್ಷರಗಳೇ ಕಣ್ಣಿಗೆ ಹತ್ತುತ್ತಿರಲಿಲ್ಲವಂತೆ. ಅಂದಿನ ಮಾಸ್ತರರೊಬ್ಬರು ‘ಕುಂದ್ರಲೇ’ ಎಂದು ದಿನಕ್ಕೆ ನೂರು ಸಲ ಗದರಿ, ಗದರಿ ಸಾಕಾಗಿ, ಕೊನೆಗೆ ಎತ್ತು ಕಟ್ಟುವ ಹಗ್ಗ ತರಿಸಿ ಹುಡುಗನ ಕಾಲನ್ನು ಕಂಬಕ್ಕೆ ಬಿಗಿದರು. ಶಾಲೆಯಲ್ಲಿ ಶತದಡ್ಡನೆಂಬ ಬಿರುದು ಹೊತ್ತ ಆ ಹುಡುಗ, ಹೊಲದಲ್ಲಿ ಅಪ್ಪನ ನೇಗಿಲ ಹಿಂದೆ ನಡೆಯುತ್ತ, ಒಂದು ಸಾಲಿಗೊಂದು ಮಗ್ಗಿಯಂತೆ, ಒಂದೇ ಮುಂಗಾರಿನಲ್ಲಿ ಇಪ್ಪತ್ತರವರೆಗೆ ಬಾಯಿಪಾಠ ಮಾಡಿ ಮುಗಿಸಿದ.

ಮಾಸ್ತರಾಗಿ ಭೀಮಾ ದಂಡೆಯ ನಮ್ಮೂರಿಗೆ ಬಂದಾಗ ಅವರು ಆ ನೇಗಿಲ ಸಾಲನ್ನೇ ಶಾಲೆಯ ಅಂಗಳಕ್ಕೆ ತಂದರು. ಬೇವಿನ ಮರದ ಸುತ್ತ ನಮ್ಮನ್ನು ಸಾಲಾಗಿ ನಡೆಸಿ, ಹೆಜ್ಜೆಗೊಂದು ಅಂಕಿಯಂತೆ ಮಗ್ಗಿ ಒದರಿಸುವರು, ‘ಹ್ಞೂಂ, ಮುಂದ?’ ಎಂಬುದು ಅವರ ಪಲ್ಲವಿ. ಒಂದೇ ತರಗತಿಯಲ್ಲಿ ಮೂರು ವರ್ಷ ಬೇರುಬಿಟ್ಟಿದ್ದ ನಮ್ಮ ಗೆಳೆಯ ಸಾಬಣ್ಣ ಆ ಸಾಲಿನಲ್ಲಿ ಹದಿನೈದು ದಿನ ನಡೆದು ಹನ್ನೆರಡರ ಮಗ್ಗಿಯನ್ನು ಒಂದೇ ಉಸಿರಿಗೆ ಹೇಳಿದಾಗ ಊರೇ ಮೂಗಿನ ಮೇಲೆ ಬೆರಳಿಟ್ಟಿತು. ತಪಾಸಣೆಗೆ ಬಂದ ಸಾಹೇಬರೊಬ್ಬರು ತರಗತಿ ಬಿಕೋ ಎನ್ನುವುದನ್ನು ಕಂಡು ಕೆಂಡವಾಗಿ ಅಂಗಳಕ್ಕೆ ಬಂದವರು, ಏನನ್ನಿಸಿತೋ, ತಾವೂ ಸಾಲಿನಲ್ಲಿ ಸೇರಿ ನಡೆದು, ಹದಿನಾರರ ಮಗ್ಗಿಯ ಏಳರಲ್ಲಿ ಎಡವಿ, ಸಾಬಣ್ಣನಿಂದ ಉತ್ತರ ಪಡೆದು, ಚಹಾ ಕುಡಿದು ಹೋದರು. ‘ಕುಂತು ಕಲ್ತದ್ದು ಎದ್ದ ಕೂಡ್ಲೆ ಉದುರಿ ಹೋಗ್ತದ’ ಎಂಬುದು ಮಾಸ್ತರರ ಸಿದ್ಧಾಂತ. ಆ ಸಿದ್ಧಾಂತವೇ ಅವರನ್ನು ಮನುಷ್ಯನನ್ನಾಗಿ ಮಾಡಿತ್ತು. ಆದ್ದರಿಂದ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಹಟವೂ ಅದರ ಜೊತೆಗೇ ಬೆಳೆದಿತ್ತು.

ಆ ಹಟಕ್ಕೆ ಸಿಕ್ಕವಳು ರಾಧಿಕಾ. ಹೊಳೆಯಲ್ಲಿ ಮೀನು ಹಿಡಿಯುವ ದ್ಯಾವಪ್ಪನ ಮಗಳು. ನಮ್ಮ ಜೊತೆ ಐದನೆಯ ತರಗತಿಯಲ್ಲಿದ್ದರೂ ಅವಳ ದನಿ ಹೇಗಿದೆಯೆಂದು ನಮಗೆ ಗೊತ್ತಿರಲಿಲ್ಲ. ಎಲ್ಲರೂ ಒದರತೊಡಗಿದರೆ ಕಿವಿ ಮುಚ್ಚಿಕೊಳ್ಳುವಳು, ಸಾಲು ಹೊರಟರೆ ಗೋಡೆಯ ಮರೆಗೆ ಸರಿಯುವಳು. ಇದು ಮೈಗಳ್ಳತನವೇ ಸೈ ಎಂದು ಬಗೆದ ಮಾಸ್ತರರು ಅವಳ ಕೈ ಹಿಡಿದು ಎಳೆತಂದು ಸಾಲಿನ ಮುಂದೆಯೇ ನಿಲ್ಲಿಸಿದರು. ಹತ್ತು ದಿನ ಅವಳು ನಡೆದಳು, ಕಣ್ಣೀರು ಸುರಿಸುತ್ತ ನಡೆದಳು, ತುಟಿ ಪಿಟಕ್ಕೆನ್ನಲಿಲ್ಲ. ಹನ್ನೊಂದನೆಯ ದಿನದಿಂದ ಬರುವುದನ್ನೇ ಬಿಟ್ಟಳು. ಹತ್ತಿ ಬಿಡಿಸುವ ಸುಗ್ಗಿ ಆಗಷ್ಟೇ ಶುರುವಾಗಿತ್ತು. ಆ ದಿನಗಳಲ್ಲಿ ಹೊಲದ ಹಾದಿ ಹಿಡಿದ ಹುಡುಗಿಯರು ಮತ್ತೆ ಪಾಟಿಚೀಲ ಹೊತ್ತದ್ದು ಕಡಿಮೆ, ಮತ್ತು ಅದು ಮಾಸ್ತರರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಮೂರು ವಾರ ಕಾದು ಅವರು ಹೊಳೆದಂಡೆಯ ಆ ಮನೆಗೆ ಹೋದರು. ರಾಧಿಕಾಳ ತಾಯಿ ಹಣಮಂತಮ್ಮ ತಂಬಿಗೆಯಲ್ಲಿ ನೀರು ಕೊಟ್ಟು, ಸೆರಗು ಸರಿಪಡಿಸಿಕೊಂಡು, ನೆಲ ನೋಡುತ್ತ ಹೇಳಿದಳು: “ಮಾಸ್ತರ್ರಿ, ನಿಮ್ಮ ಸಾಲಿ ನಡಿಯೋ ಮಕ್ಕಳದ್ರಿ. ನನ್ನ ಮಗಳು ಕುಂತು ನೋಡಿ ಕಲಿಯಾಕಿ. ಅಕಿಗಿ ನಿಮ್ಮಲ್ಲಿ ಜಾಗ ಎಲ್ಲದರಿ?”

ಬೈದಿದ್ದರೆ ಮಾಸ್ತರರು ತಡೆದುಕೊಳ್ಳುತ್ತಿದ್ದರು. ಇಷ್ಟು ಮರ್ಯಾದೆಯಿಂದ ಹೇಳಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಪಡಸಾಲೆಯಲ್ಲಿ ರಾಧಿಕಾ ಬೀಸುಬಲೆ ಹೆಣೆಯುತ್ತಿದ್ದಳು. ಯಾರೂ ಕಲಿಸಿದ್ದಲ್ಲವಂತೆ, ಶಾಲೆಗೆ ಬರುತ್ತಿದ್ದಾಗಲೇ ಎರಡು ತಿಂಗಳು ತಾಯಿಯ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿದ್ದಳು, ಮೂರನೆಯ ತಿಂಗಳು ನೂಲು ಹಿಡಿದಿದ್ದಳು, ಒಂದು ಗಂಟೂ ತಪ್ಪಿರಲಿಲ್ಲ. ಬಲೆ ಕೆಳಗೆ ಅಗಲವಾಗಬೇಕಲ್ಲ, ಅದಕ್ಕಾಗಿ ಕೆಲವು ಸುತ್ತಿಗೊಮ್ಮೆ ಎಂಟೆಂಟು ಕಣ್ಣು ಹೆಚ್ಚಿಸುತ್ತ ಹೋಗುತ್ತಿದ್ದಳು. ಏಳನೆಯ ಸಲಕ್ಕೆ ಒಟ್ಟು ಎಷ್ಟು ಹೆಚ್ಚಾದವು ಎಂದು ಮಾಸ್ತರರು ಮೆಲ್ಲನೆ ಕೇಳಿದರು. ಅವಳು ತಲೆಯೆತ್ತಲಿಲ್ಲ, ಬಾಯಿ ಬಿಡಲಿಲ್ಲ. ಉಗುರಿನಿಂದ ಮಣ್ಣಿನ ನೆಲದ ಮೇಲೆ ಐವತ್ತಾರು ಎಂದು ಗೀಚಿ ಮತ್ತೆ ನೂಲೆಳೆದಳು.

ಆ ಸಂಜೆಯ ಕಥೆಯನ್ನು ಅವರು ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ, ನಿವೃತ್ತರಾಗಿ ಶಹಾಪುರದಲ್ಲಿ ನೆಲೆಸಿದ ಮೇಲೆ, ಬೆಳಗಿನ ವಾಯುವಿಹಾರದಲ್ಲಿ, ನಡೆಯುತ್ತಲೇ, ಮತ್ತೇನು! ಎದುರಿಗೆ ಗುಡ್ಡ ಮಲಗಿತ್ತು, ಮಾಸ್ತರರ ಕಾಲಿಗೆ ಮಾತ್ರ ವಿಶ್ರಾಂತಿಯಿಲ್ಲ. “ನನ್ನ ಕಾಲಿಗಿ ಹಗ್ಗ ಕಟ್ಟಿದವ್ರನ್ನ ನಲವತ್ತು ವರ್ಷ ಬೈದೆ. ಆ ಕೂಸಿಗಿ ನಾ ಹಗ್ಗ ಕಟ್ಟಿದ್ದು ನನಗ ಕಾಣಲೇ ಇಲ್ಲ ನೋಡು,” ಎಂದರು. ಆ ಹೊತ್ತಿಗೆ ನನಗೆ ಅವರ ಮೇಲೆ ಹುಟ್ಟಿದ ಪ್ರೀತಿ ಶಾಲೆಯ ದಿನಗಳಲ್ಲೂ ಹುಟ್ಟಿರಲಿಲ್ಲ.

‘ಅಕಿ ಒಳಗ ಕುಂತೇ ಕಲೀಲಿ’ ಎಂದು ಮಾಸ್ತರರು ಅಂದು ಹಣಮಂತಮ್ಮನಿಗೆ ಹೇಳಿ ಬಂದಿದ್ದರು. ಅದಾದ ನಾಲ್ಕು ದಿನಕ್ಕೆ ರಾಧಿಕಾ ಬಂದಳು. ನಾವು ಎಂದಿನಂತೆ ಅಂಗಳದಲ್ಲಿ ಸುತ್ತುತ್ತಿದ್ದೆವು. ಅವಳು ಒಳಗೆ ಹಿಂದಿನ ಗೋಡೆಗೆ ಒರಗಿ ಪಾಟಿ, ಬಳಪ ಹಿಡಿದಿದ್ದಳು. ಬೇಕಾದರೆ ಬರೆಯಲಿ, ಬೇಡವಾದರೆ ನೋಡಲಿ ಎಂದು ಮಾಸ್ತರರು ತೀರ್ಮಾನಿಸಿದ್ದರೇನೋ ನಿಜ, ಆದರೆ ಹುಟ್ಟುಗುಣ ಬಿಡಬೇಕಲ್ಲ. ಅವಳ ಸುತ್ತಲೇ ಚಟ್ ಚಟ್ ಎಂದು ತಿರುಗುವರು, ಬಗ್ಗಿ ನೋಡುವರು, ನೆರಳು ಪಾಟಿಯ ಮೇಲೆ ಬೀಳುವುದು, ಅವಳು ಬರೆದದ್ದನ್ನು ಒರೆಸುವಳು. ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ನಮ್ಮ ಸಾಲು ಕಿಟಕಿಯ ಬಳಿಗೆ ಬಂದಾಗ ಒಳಗಿನಿಂದ ನಾವೆಂದೂ ಕೇಳದ ಒಂದು ಸಣ್ಣ ದನಿ ಕೇಳಿಸಿತು.

“ಸರ್ರಿ, ನೀವು ಜರಾ ಕುಂದರ್ರಿ.”

ಸಾಲು ತಾನಾಗಿ ನಿಂತಿತು, ಮಗ್ಗಿಯೂ ನಿಂತಿತು. ಹುಡುಗತನವಿಡೀ ಬೈಗುಳವಾಗಿ, ಹಗ್ಗವಾಗಿ ಕೇಳಿದ ಆ ಮಾತಿಗೆ ಮಾಸ್ತರರು ನಡಿಗೆ ನಿಲ್ಲಿಸಿದರು. ಆಮೇಲೆ ಚಪ್ಪಲಿ ಕಳಚಿ ಗೋಡೆಗೆ ಸರಿಸಿದರು. ಕುರ್ಚಿಯತ್ತ ಹೋಗಲಿಲ್ಲ, ಅವಳ ಪಕ್ಕದ ನೆಲದ ಮೇಲೆಯೇ ಕಾಲು ಮಡಚಿ ಕುಳಿತರು. ಎದ್ದು ನಡೆಯಲು ತವಕಿಸುವ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡರು. ರಾಧಿಕಾ ಎಂಟರ ಮಗ್ಗಿಯನ್ನು ಕೊನೆಯವರೆಗೆ ಬರೆದು ಪಾಟಿಯನ್ನು ಅವರತ್ತ ತಿರುಗಿಸಿದಳು.

ಅಂದಿನಿಂದ ದಿನಕ್ಕೆ ಹತ್ತು ನಿಮಿಷ ಅವರು ಹಾಗೆ ಕುಳಿತರು. ಏಳನೆಯ ತರಗತಿಯನ್ನು ರಾಧಿಕಾ ಮೊದಲ ದರ್ಜೆಯಲ್ಲೇನೂ ಪಾಸಾಗಲಿಲ್ಲ. ಪಾಸಾದಳು, ಹೈಸ್ಕೂಲಿಗೆಂದು ಯಾದಗಿರಿಯ ಬಸ್ಸು ಹತ್ತಿದಳು, ಅಷ್ಟು ಸಾಕಾಗಿತ್ತು. ತಮ್ಮನ್ನು ದಡ ಮುಟ್ಟಿಸಿದ ದಾರಿಯನ್ನೇ ಎಲ್ಲರಿಗೂ ತೋರಿಸುವ ಗುರುಗಳು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಅವರ ಉಪಕಾರವೂ ಸಣ್ಣದಲ್ಲ; ಆದರೆ ಆ ದಾರಿ ಒಗ್ಗದ ಒಂದು ಕೂಸಿನ ಮುಂದೆ, ತಾವು ಜನ್ಮವಿಡೀ ದ್ವೇಷಿಸಿದ ಮಾತಿಗೆ ತಲೆಬಾಗಿ ಕುಳಿತುಬಿಡುವವರು ವಿರಳ. ಅಂಥವರು ಎಷ್ಟು ನಡೆದರೆಂದು ಅವರ ಚಪ್ಪಲಿ ಹೇಳೀತು. ಎಷ್ಟು ದೂರ ಬಂದರೆಂದು ತಿಳಿಯಬೇಕಾದರೆ ಅವರು ಕುಳಿತದ್ದನ್ನು ನೋಡಿರಬೇಕು.