ಹಬೆಗೆ ಅಂಜಿದ ಖಾದರಸಾಬರು

ಖಾದರಸಾಬರು ಕುದಿಯುವ ಯಾವ ಪಾತ್ರೆಯ ಮುಂದೆಯೂ ನೇರವಾಗಿ ನಿಂತವರಲ್ಲ. ಚಹಾದ ಕಿಟ್ಲಿಯಾಗಲಿ, ಅನ್ನದ ಕುಕ್ಕರಾಗಲಿ, ಅದರ ಹತ್ತಿರ ಹೋಗಲೇಬೇಕಾದರೆ ಎಡಭುಜವನ್ನು ಮುಂದೆ ಮಾಡಿ, ಓರೆಯಾಗಿ ಹೆಜ್ಜೆಯಿಡುತ್ತ, ಹಿಂಗೈಯಿಂದ ಗಾಳಿಯ ಬಿಸಿಯನ್ನು ಪರೀಕ್ಷಿಸಿಕೊಂಡೇ ಅವರು ಮುಂದುವರಿಯುತ್ತಿದ್ದರು. ಕುಕ್ಕರು ಸೀಟಿ ಹೊಡೆದರೆ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಬಳ್ಳಾರಿಯ ಗುಡ್ಡದ ಬಂಡೆಗಳು ಕಾದು ಕೆಂಡವಾಗುವ ವೈಶಾಖದಲ್ಲೂ ಅವರ ಮೈಮೇಲೆ ತುಂಬುತೋಳಿನ ಖಾಕಿ ಕೋಟು ಇರುತ್ತಿತ್ತು, ಮುಂಗೈಯ ಗುಂಡಿ ಸಹಿತ ಹಾಕಿಯೇ ಇರುತ್ತಿತ್ತು. "ಸಾಬ್ರ, ಕೋಟರ ಬಿಚ್ರಿ, ನೋಡಿದ್ರ ನಮಗ ಬೆವರು ಬರಾಕ್ಹತ್ತೈತಿ" ಎಂದು ಕೌಲ್ ಬಜಾರಿನ ಓಣಿಯವರು ನಕ್ಕರೆ, "ಇರ್ಲಿ ಬಿಡ್ರಿ, ಅದರ ಪಾಡಿಗೆ ಅದು ಐತಿ" ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಿದ್ದರು.

ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಬೇಯಿಸುವ ಬಾಯ್ಲರನ್ನು ಇಪ್ಪತ್ತಾರು ವರ್ಷ ನೋಡಿಕೊಂಡವರು ಅವರು. ಒಂದು ದಿನ ಹಬೆಯ ಕೊಳವೆ ಸಿಡಿದು, ಒಲೆಗೆ ಹೊಟ್ಟು ತುಂಬುತ್ತಿದ್ದ ಕುರುಗೋಡಿನ ಸುಂಕಪ್ಪ ಸುಟ್ಟುಹೋಗಿ ಮೂರನೆಯ ದಿನ ತೀರಿಕೊಂಡಿದ್ದ. ಖಾದರಸಾಬರ ಬಲಗೈ ಮೊಣಕೈವರೆಗೆ ಬೆಂದಿತ್ತು. ಗೆಳೆಯನನ್ನು ಎಳೆಯಲು ಹೋಗಿ ಕೈ ಸುಟ್ಟುಕೊಂಡರೆಂದು ಊರು ಮಾತಾಡಿಕೊಂಡಿತು. ಅವರ ಹೆಂಡತಿ ಖಾತೂನ್ ಬದುಕಿರುವ ತನಕ ಮಗಳು ಶಬನಂಗೆ ಅದನ್ನೇ ಹೇಳಿಕೊಟ್ಟಳು. ಖಾದರಸಾಬರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಹೆಂಡತಿ ಹೋದ ಮೇಲೆ ಅವರು ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ ಮಗಳ ಮನೆಗೆ ಬಂದರು. ಅದು ಅದಿರಿನ ಕಾಲ. ಕೆಂಪು ಧೂಳೆಬ್ಬಿಸುತ್ತ ಸಾಲುಗಟ್ಟಿ ಸಾಗುವ ಲಾರಿಗಳ ದೆಸೆಯಿಂದ ಅಳಿಯ ಇಲಿಯಾಸನ ಟೈರಿನ ಅಂಗಡಿಗೆ ಉಸಿರಾಡಲು ಬಿಡುವಿರಲಿಲ್ಲ. ಅದೇ ಧೂಳಿನ ದೆಸೆಯಿಂದ ಅವನ ನಾಲ್ಕು ವರ್ಷದ ಮಗಳು ಆಸ್ಫಿಯಾಳಿಗೆ ಸರಾಗವಾಗಿ ಉಸಿರಾಡಲು ಆಗುತ್ತಿರಲಿಲ್ಲ. ಎರಡು ಸಾವಿರದ ಏಳರ ಚಳಿಗಾಲದಲ್ಲಿ ಮಗುವಿನ ಕೆಮ್ಮು ನಾಯಿ ಬೊಗಳಿದಂತೆ ಕೇಳತೊಡಗಿತು. ಡಾಕ್ಟರ್ ಸುಮಂಗಲಾ ಔಷಧಿ ಬರೆದು, ಕೋಣೆಯ ಗಾಳಿ ಒಣಗದ ಹಾಗೆ ಹ್ಯುಮಿಡಿಫೈಯರ್ ಇಡಿರೆಂದರು. ಮರುದಿನ ಸಂಜೆಯೇ ಇಲಿಯಾಸ್ ಒಂದು ಡಬ್ಬಿ ಹೊತ್ತು ತಂದ.

"ಎರಡು ನಮೂನಿ ಅದಾವಂತ ಮಾಮಾ. ಒಂದು ನೀರು ಕುದಿಸಿ ಬಿಸಿ ಹಬಿ ಬಿಡ್ತೈತಿ. ಇನ್ನೊಂದು ಕುದಿಸಂಗಿಲ್ಲ, ತಣ್ಣನ ಮಂಜು ಊದ್ತೈತಿ. ಕೆಮ್ಮೋ ಕೂಸಿಗೆ ತಣ್ಣಂದು ಯಾರರ ಕೊಡ್ತಾರೇನ್ರಿ? ಬಿಸೀದ ತಂದೀನಿ."

ಶಬನಂ ತಲೆಯಾಡಿಸಿದಳು. ನೆಗಡಿಯಾದಾಗ ಚಾದರ ಹೊದ್ದು ಹಬೆ ತೆಗೆದುಕೊಂಡು ಬೆಳೆದವಳಿಗೆ ಅದರಲ್ಲಿ ವಿಚಾರ ಮಾಡುವಂಥದ್ದು ಏನಿತ್ತು?

"ಬ್ಯಾಡಪ್ಪ," ಎಂದರು ಖಾದರಸಾಬರು. "ವಾಪಸ್ ಕೊಟ್ಟು ತಣ್ಣಂದ ತಗೊಂಡು ಬಾ."

"ಯಾಕ್ರಿ?"

"ಹಬಿಗೆ ಕಣ್ಣಿಲ್ಲಪ್ಪ," ಎಂದರು. ಇಲಿಯಾಸ್ ನಕ್ಕು ಪ್ಲಗ್ಗು ಚುಚ್ಚಿದ.

ಯಂತ್ರ ಗೊರಗೊರ ಕುದಿಯಿತು, ಅದರ ಮೂತಿಯಿಂದ ಬಿಳಿಯ ಎಳೆಯೊಂದು ಎದ್ದಿತು. ಆಸ್ಫಿಯಾ "ನಾನಾ, ಮೋಡ!" ಎಂದು ಚೀರಿ ಅಂಗೈ ಚಾಚಿ ಓಡಿದಳು. ಖಾದರಸಾಬರು ಹೇಗೆ ಎದ್ದರೋ, ಹೇಗೆ ನಡುವೆ ಬಂದರೋ, ಯಾರಿಗೂ ಕಾಣಲಿಲ್ಲ. ಮಗು ಅವರ ಹೊಟ್ಟೆಗೆ ಡಿಕ್ಕಿ ಹೊಡೆದು ಕುಳಿತುಬಿಟ್ಟಿತು. ಅಂದಿನಿಂದ ಯಂತ್ರಕ್ಕೂ ಹಾಸಿಗೆಗೂ ನಡುವೆ ಒಂದು ಸ್ಟೂಲು ಹಾಕಿಕೊಂಡು, ವೈರನ್ನು ಕಾಲಡಿಯಲ್ಲಿ ಒತ್ತಿ ಹಿಡಿದು, ಹೊತ್ತು ಮುಳುಗಿದಾಗಿನಿಂದ ಬೆಳಗಾಗುವ ತನಕ ಅವರ ಕಾವಲು ಸುರುವಾಯಿತು. ನಾಲ್ಕು ದಿನ ಹೀಗೆ ಕಳೆದವು. ಕಣ್ಣು ಮುಚ್ಚಿದರೆ ಆ ಸಣ್ಣ ಗೊರಗೊರ ಶಬ್ದ ದೊಡ್ಡದಾಗುತ್ತಿತ್ತು, ಕೊಳವೆಯ ಸಿಳ್ಳೆಯಾಗುತ್ತಿತ್ತು.

ಐದನೆಯ ದಿನ ಶಬನಂ ಸಂತೆಗೆ ಹೋದಾಗ ಯಂತ್ರವನ್ನು ಡಬ್ಬಿಗೆ ತುಂಬಿಕೊಂಡು, ಅದನ್ನು ಕೊಂಡಿದ್ದ ಅಂಗಡಿಗೆ ನಡೆದರು. ಅಂಗಡಿಯ ಮರಿಬಸಪ್ಪ ತಣ್ಣನೆಯದಕ್ಕೆ ಬದಲಿಸಿಕೊಟ್ಟ. "ಇದಕ್ಕ ಸುಡೋ ಅಂಜಿಕಿ ಇಲ್ಲ ಸಾಬ್ರ. ಆದ್ರ ದಿನಾ ತೊಳೀಬೇಕ್ರಿ, ನೀರು ನಿಂದರಿಸಬಾರ್ದು. ಬೋರಿನ ನೀರು ಹಾಕಿದ್ರ ಮನಿ ತುಂಬ ಬಿಳಿ ಪುಡಿ ಉದುರ್ತೈತಿ, ಫಿಲ್ಟರ್ ನೀರೇ ಹಾಕ್ರಿ."

ದಿನಕ್ಕೊಮ್ಮೆ ಎಂದರೆ ಖಾದರಸಾಬರು ಮೂರು ಸಲ ತೊಳೆದರು. ಮಗಳು ಗೊಣಗಿದಳು, ಅಳಿಯ ಮುಖ ಗಂಟಿಕ್ಕಿಕೊಂಡ. ಯಂತ್ರ ಸದ್ದಿಲ್ಲದೆ ತಣ್ಣನೆಯ ಮಂಜನ್ನು ಊದುತ್ತಿದ್ದರೆ ಹಿರಿಯರು ಎಷ್ಟೋ ದಿನಗಳ ಮೇಲೆ ಕಾಲು ಚಾಚಿ ಮಲಗಿದರು.

ಮೂರನೆಯ ದಿನ ಮಧ್ಯಾಹ್ನ ಆಸ್ಫಿಯಾಳ ಉಸಿರು ಕಟ್ಟತೊಡಗಿತು. ಒಳಗೆಳೆದ ಪ್ರತಿ ಉಸಿರಿಗೂ ಗಂಟಲಲ್ಲಿ ಗೀರಿದಂಥ ಸದ್ದು, ಪಕ್ಕೆಲುಬುಗಳ ನಡುವೆ ಚರ್ಮ ಒಳಸೇದಿಕೊಳ್ಳುತ್ತಿತ್ತು, ತುಟಿಯ ಬಣ್ಣ ಮಾಸಿತ್ತು. ಅಂಗಡಿಯಿಂದ ಓಡಿಬಂದ ಇಲಿಯಾಸ್ ಮಗುವನ್ನೆತ್ತಿಕೊಂಡು ಆಟೋ ಹತ್ತುತ್ತ ಮಾವನತ್ತ ತಿರುಗಿದ. "ತಣ್ಣಂದು ಬ್ಯಾಡ ಅಂದಿದ್ನೆಲ್ರೀ ಮಾಮಾ! ನನ್ನ ಕೂಸಿಗೆ ಏನರ ಆದ್ರ..." ಹಿಂದೆಯೇ ಶಬನಂ, ಖಾದರಸಾಬರೂ ಹತ್ತಿದರು. ಆಟೋ ಅದಿರು ಲಾರಿಗಳ ಸಾಲಿನ ಹಿಂದೆ ಸಿಕ್ಕಿಹಾಕಿಕೊಂಡಿತು. ಮುಂದೆ ಹೋಗಲು ದಾರಿಯಿಲ್ಲ, ಹಿಂದೆ ಬರಲೂ ಇಲ್ಲ. ಕೆಂಪು ಧೂಳು ಒಳಗೆ ನುಗ್ಗುತ್ತಿತ್ತು. ಶಬನಂ ಸೆರಗಿನಿಂದ ಮಗುವಿನ ಮೂಗು ಮುಚ್ಚುವಳು, ಉಸಿರಿಗೆ ತಡೆಯಾದೀತೆಂದು ಹೆದರಿ ತೆಗೆಯುವಳು. ಖಾದರಸಾಬರು ಮೊಮ್ಮಗಳ ಎದೆಯನ್ನೇ ನೋಡುತ್ತ ಒಂದೊಂದು ಉಸಿರಿಗೂ ಮುಂದಿನದೊಂದನ್ನು ಬೇಡಿಕೊಳ್ಳುತ್ತಿದ್ದರು. ತಮ್ಮ ಅಂಜಿಕೆಯೇ ಈ ಮಗುವನ್ನು ಕೊಂದಿತೆಂದು ಅವರಿಗೆ ಆಗಲೇ ಖಾತ್ರಿಯಾಗಿತ್ತು.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಕರೆದೊಯ್ದರು. ಇಲಿಯಾಸನೂ ಜೊತೆಗೆ ಹೋದ. ಹೊರಗಿನ ಬೆಂಚಿನ ಮೇಲೆ ತಂದೆ ಮಗಳು ಇಬ್ಬರೇ ಉಳಿದರು. ಖಾದರಸಾಬರು ಕೋಟಿನ ತೋಳಿನ ಗುಂಡಿ ಬಿಚ್ಚಿದರು. ಸುಕ್ಕುಗಟ್ಟಿ ಹೊಳೆಯುವ ಆ ಚರ್ಮವನ್ನು ಶಬನಂ ಬಾಲ್ಯದಲ್ಲಿ ಹೆಮ್ಮೆಯಿಂದ ಮುಟ್ಟಿ ನೋಡಿದವಳು.

"ಶಬ್ಬು, ಇದು ಸುಂಕಪ್ಪನ್ನ ಎಳೀಲಿಕ್ಕೆ ಹೋಗಿ ಸುಟ್ಟದ್ದಲ್ಲವಾ."

"ಅಬ್ಬಾ, ಈಗ್ಯಾಕ ಅದೆಲ್ಲ..."

"ಕೇಳು. ಪೈಪು ಸಿಳ್ಳಿ ಹಾಕೋದು ನನಗ ಮೊದಲ ಕೇಳಿಸ್ತು. ಒಡೀತೈತಿ ಅಂತ ಗೊತ್ತಾತು. ಅವ ನನಗ ಬೆನ್ನು ಮಾಡಿ ನಿಂತಿದ್ದ. ಓಡಲೇ ಸುಂಕಪ್ಪ ಅಂತ ಒಂದು ಮಾತು ಒದರಬೇಕಿತ್ತು. ಒದರಲಿಲ್ಲ. ನಾ ಓಡಿದೆ. ಹಬಿ ನನ್ನ ಕೈಯಷ್ಟ ಹಿಡೀತು." ಅವರು ಬಾಗಿಲಿನತ್ತ ನೋಡಿದರು. "ಅಂಥಾ ಹೇಡಿ ನಾ, ನಿಮಗ ಹೇಳದ ಬಿಸೀದ ಬದಲಿಸಿ ತಂದೆ. ಹಬಿ ಕಂಡ್ರ ಆಗಲ್ಲ ಅಂತ ನಾ ಕೂಸಿನ ಜೀವ ಒತ್ತಿ ಇಟ್ಟೆ."

ಇಪ್ಪತ್ತು ವರ್ಷ ಮನೆಯ ಹೆಮ್ಮೆಯಾಗಿದ್ದ ಕಥೆಯೊಂದು ಶಬನಂಳ ಕಣ್ಣೆದುರಿಗೇ ಕುಸಿದಿತ್ತು. ಅದಕ್ಕಾಗಿ ಅಳಬೇಕೋ, ಒಳಗಿರುವ ಮಗಳಿಗಾಗಿ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಆದರೂ ಎದ್ದು ಹೋಗಲಿಲ್ಲ. ಬೆಂಚಿನ ಮೇಲೆ ಅವರಿಗೆ ಒತ್ತಿಕೊಂಡೇ ಕುಳಿತಳು.

ಗಂಟೆಯ ಮೇಲೆ ಸುಮಂಗಲಾ ಹೊರಬಂದರು, ಹಿಂದೆ ಇಲಿಯಾಸ್. "ಈಗ ಉಸಿರು ಸಲೀಸಾಗೈತಿ. ಇವತ್ತೊಂದಿನ ಇಲ್ಲೇ ಇರ್ಲಿ. ಗಂಟಲಾಗ ಬಾವು ಬಂದಿತ್ರೀ."

"ಅವ್ವಾ, ತಣ್ಣನ ಮಂಜಿಗೆ ಹಿಂಗಾತಲ್ರೀ?" ಎಂದು ಖಾದರಸಾಬರು ಎದ್ದು ನಿಂತು ಕೇಳಿದರು, ಶಿಕ್ಷೆ ಕೇಳಲು ನಿಂತವರ ಹಾಗೆ.

"ಯಾರಂದ್ರು? ಈ ಕಾಯಿಲಿನ ಹಿಂಗ, ಕಡಿಮಿ ಆತು ಅನ್ನೂದ್ರಾಗ ಏರ್ತೈತಿ. ಬಿಸೀದಿರ್ಲಿ ತಣ್ಣಂದಿರ್ಲಿ, ಎದಿಗೆ ಹೋಗೂದ್ರಾಗ ಎರಡೂ ಒಂದ ಆಗಿರ್ತಾವ್ರಿ ಸಾಬ್ರ. ಆದ್ರ ಕೂಸು ಇರೋ ಮನ್ಯಾಗ ಬಿಸೀದು ಬ್ಯಾಡ. ವೈರು ಜಗ್ಗಿ ಮೈಮ್ಯಾಲೆ ಕೆಡವಿಕೊಂಡು ಬಂದ ಮಕ್ಕಳನ್ನ ನೋಡೀನಿ ನಾನು. ತಣ್ಣಂದ ಇಡ್ರಿ, ದಿನಾ ತೊಳೀರಿ, ರಸ್ತೆ ಕಡೆ ಕಿಟಕಿ ಮುಚ್ರಿ."

ಇಲಿಯಾಸ್ ಕ್ಷಮೆ ಕೇಳುವ ಜಾತಿಯ ಮನುಷ್ಯನಲ್ಲ. ಮಗು ಮನೆಗೆ ಬಂದ ಸಂಜೆ ತಣ್ಣನೆಯ ಯಂತ್ರವನ್ನು ತಾನೇ ತೊಳೆಯಲು ಕುಳಿತು, "ಮಾಮಾ, ಈ ಮೂಲ್ಯಾಗ ಕೈ ಹೋಗವಲ್ದು, ನೀವು ಹೆಂಗ ತಿಕ್ತೀರಿ?" ಎಂದ.

ಹದಿನೈದು ದಿನಗಳ ಮೇಲೆ ಖಾದರಸಾಬರು ಶಬನಂಳನ್ನು ಕರೆದುಕೊಂಡು ಕುರುಗೋಡಿಗೆ ಹೋಗಿ, ಸುಂಕಪ್ಪನ ಹೆಂಡತಿ ಎರ್ರಮ್ಮನ ಮುಂದೆ ಕುಳಿತು ಎಲ್ಲವನ್ನೂ ಹೇಳಿದರು. ಮುದುಕಿ ಹೊಸ್ತಿಲನ್ನೇ ನೋಡುತ್ತ ಕೇಳಿಸಿಕೊಂಡಳು. ಕ್ಷಮಿಸಿದೆನೆನ್ನಲಿಲ್ಲ, ಶಪಿಸಲೂ ಇಲ್ಲ. ಕೊನೆಗೆ, "ಕೂಸು ಈಗ ಹೆಂಗೈತಿ?" ಎಂದು ಕೇಳಿದಳು. "ಆರಾಮೈತಿ ಅಕ್ಕಾ," ಎಂದರು ಖಾದರಸಾಬರು.

ಇಂಥವರೊಬ್ಬರು ಬಹಳಷ್ಟು ಮನೆಗಳಲ್ಲಿ ಇರುತ್ತಾರೆ. ಮಲಗುವ ಮುನ್ನ ಗ್ಯಾಸಿನ ನಾಬನ್ನು ಎರಡು ಸಲ ಮುಟ್ಟಿ ನೋಡುವವರು, ಬಾವಿಯ ಬಳಿ ಮಕ್ಕಳು ಸುಳಿದರೆ ಊಟದ ಕೈಯಲ್ಲೇ ಓಡುವವರು, ಬಸ್ಸು ಪೂರ್ತಿ ನಿಲ್ಲುವ ತನಕ ಯಾರನ್ನೂ ಇಳಿಯಗೊಡದವರು. ಅವರ ಎಚ್ಚರಿಕೆಯಿಂದ ನಮಗೆ ಕಿರಿಕಿರಿ, ಅವರ ಅಂಜಿಕೆಯೆಂದರೆ ಓಣಿಗೆಲ್ಲ ನಗೆ. ಯಾವುದೋ ಒಂದು ಕ್ಷಣದಲ್ಲಿ ಗಂಟಲಿನಿಂದ ಹೊರಬಾರದೆ ಹೋದ ಒಂದು ಕೂಗನ್ನು ಅವರು ಉಳಿದ ಆಯುಷ್ಯದುದ್ದಕ್ಕೂ ಚಿಲ್ಲರೆ ಮಾಡಿಕೊಂಡು ದಿನಕ್ಕಿಷ್ಟಿಷ್ಟೇ ಕೂಗುತ್ತಿರುತ್ತಾರೆಂಬುದು ನಮಗೆ ತಿಳಿಯುವುದಿಲ್ಲ; ಆ ಕೂಗಿನ ನೆರಳಿನಲ್ಲಿ ನಮ್ಮ ಮಕ್ಕಳು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿರುತ್ತಾರೆ.