ಅರ್ಧ ಚುಚ್ಚಿ ಕಾಯುವುದು

ಜಾವ್ ತಾಂಗನನ್ನು ಚರ್ಚಿನವರ ಚಟ ಬಿಡಿಸುವ ಶಿಬಿರದಿಂದ ಬಿಡುತ್ತಾರೆಂದು ತಿಳಿದಾಗ ನನಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ತಿಂಗಳುಗಟ್ಟಲೆ ಬೇಲಿಯೊಳಗೆ ಕೂಡಿಹಾಕಿ, ಪ್ರಾರ್ಥನೆ ಮಾಡಿಸಿ, ಸೌದೆ ಒಡೆಸಿ ಕಳಿಸುತ್ತಾರೆ. ಅಷ್ಟರಲ್ಲಿ ಮೈ ಹೆರಾಯಿನ್ ಪುಡಿಯನ್ನು ಮರೆತಿರುತ್ತದೆ, ಕೈ ಮಾತ್ರ ಹಳೆಯ ಅಳತೆ ಮರೆತಿರುವುದಿಲ್ಲ. ಹೊರಗೆ ಬಂದವನು ಮೊದಲ ಸಲ ಚುಚ್ಚಿಕೊಂಡಾಗಲೇ ಉಸಿರು ನಿಲ್ಲುತ್ತದೆ. ಫಾಕಾಂತಿನ ಗಣಿಗುಡ್ಡಗಳಲ್ಲಿ ಜೇಡ್ ಎಂಬ ಹಸಿರು ಕಲ್ಲು ಆಯುವ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಪ್ರಾರ್ಥನೆ ಮಾಡಿಸುವವರು ಮಾತ್ರ ಕೇಳುವುದಿಲ್ಲ.

ನನಗೆ ಈ ಕೆಲಸ ಕಲಿಸಿದವನೇ ಜಾವ್ ತಾಂಗ್. ನಾವಿಬ್ಬರೂ ಚುಚ್ಚಿಕೊಂಡವರೇ. ಆಮೇಲೆ ಕ್ಲಿನಿಕ್ಕಿನಲ್ಲಿ ದಿನಾ ಚಟ ಹತೋಟಿಗೆ ತರುವ ಮೆಥಡೋನ್ ಔಷಧ ಕುಡಿದು ನೆಟ್ಟಗಾಗಿ, ಹೊಸ ಸೂಜಿಗಳನ್ನು ಹೊತ್ತು ಗುಡ್ಡ ಸುತ್ತಿದವರು. ಹಳೆ ಸೂಜಿ ಪಡೆದು ಹೊಸದು ಕೊಡುವುದು, ಕೀವಾದ ಗಾಯ ತೊಳೆಯುವುದು, ಉಸಿರು ನಿಂತವನ ತೊಡೆಗೆ ನಾಲೋಕ್ಸೋನ್ ಚುಚ್ಚುಮದ್ದು ಕೊಟ್ಟು ಎಬ್ಬಿಸುವುದು. ಒಂಟಿಯಾಗಿ ಚುಚ್ಚಿಕೊಳ್ಳಬೇಡಿ, ಅರ್ಧ ಚುಚ್ಚಿ ಕಾಯಿರಿ, ಮೈ ಏನೆನ್ನುತ್ತದೆ ನೋಡಿ ಎಂದು ಅವನು ಹೇಳದ ದಿನವಿಲ್ಲ. ಹಾಗೆ ಹೇಳುತ್ತ ತಿರುಗುವಾಗಲೇ ಚರ್ಚಿನ ಪಹರೆಯವರು ಹಿಡಿದರು. ಹಳೆ ಸೂಜಿಗಳ ಡಬ್ಬ ಕೈಯಲ್ಲಿತ್ತು, ಅಷ್ಟೇ ಸಾಕಾಯಿತು. ಮೆಥಡೋನ್ ಬೇಕೆಂದು ಅವನು ಗೋಗರೆದರೆ, ಅದೂ ಅಮಲೇ ಎಂದು ಒಂದೇ ಏಟಿಗೆ ನಿಲ್ಲಿಸಿದರು.

ಬಿಡುಗಡೆಯ ಹಿಂದಿನ ದಿನ ಅವನ ತಾಯಿಯ ಬಳಿ ಹೋದೆ. ಅವಳ ಹೆಸರು ಕಾಯ್ ರಾ, ಸಂತೆಯಲ್ಲಿ ಎಲೆಯಲ್ಲಿ ಕಟ್ಟಿದ ಅನ್ನ ಮಾರುವವಳು. ಅಂದು ಮಗ ಬರುವುದಕ್ಕೆ ಹಾಕುವ ಸ್ತೋತ್ರದ ಊಟಕ್ಕಾಗಿ ಎಲೆ ಒರೆಸುತ್ತ ಕುಳಿತಿದ್ದಳು. ನಾನು ಕೇಳಿದ್ದು ಎರಡೇ. ಈ ನಾಲೋಕ್ಸೋನ್ ಮನೆಯಲ್ಲಿಟ್ಟುಕೊ. ಅವನು ಪಾಯಿಖಾನೆಯಲ್ಲಿ ತಡಮಾಡಿದರೆ ಬಾಗಿಲು ತಟ್ಟಿ ಗಾಬರಿಪಡಿಸಬೇಡ, ನನ್ನನ್ನು ಕರೆ. ಚರ್ಚಿನ ಹಿರಿಯರು ಅವಳಿಗೆ ಬೇರೆಯೇ ಪಾಠ ಹೇಳಿಕೊಟ್ಟಿದ್ದರು. ಮಗನನ್ನು ಕಣ್ಣಳತೆ ಬಿಟ್ಟು ಕಳಿಸಬೇಡ, ತೋಳು ನೋಡು, ಬಾಗಿಲು ತಟ್ಟುತ್ತಲೇ ಇರು ಎಂದು.

“ನನ್ನ ಮಗ ದೇವರ ಮುಂದೆ ಆಣೆ ಮಾಡಿ ಬರ್ತಾ ಇದಾನೆ. ನೀನು ಈಗ್ಲೇ ಚಟ್ಟಕ್ಕೆ ಬಿದಿರು ತಂದಿದೀಯ.”

“ಬೀಳ್ತಾನೆ ಅಂತಲ್ಲ ಅವ್ವ, ಬಿದ್ರೆ ಅಂತ.”

“ಹೆತ್ತೋಳಿಗೆ ಬಾಗಿಲು ತಟ್ಟಬೇಡ ಅಂತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?”

ಔಷಧವನ್ನು ನನ್ನ ಅಂಗಿ ಜೇಬಿಗೇ ತುರುಕಿದಳು. ಅನ್ನದ ಒಂದು ಪೊಟ್ಟಣವನ್ನೂ ಕೊಟ್ಟಳು. ಅವಳು ಕೆಟ್ಟವಳಲ್ಲ.

ಮರುದಿನ ಅವನು ಹೊಸ ಜಾಕೀಟು ತೊಟ್ಟು ಹೊರಬಂದ. ಕೆನ್ನೆ ತುಂಬಿತ್ತು. ಯಾವ ಹಬ್ಬಕ್ಕೆ ಕಡಿಯೋಕೆ ಹೀಗೆ ಮೇಯಿಸಿದಾರೋ ಎಂದೆ. ಗುರುವಿಗೇ ಅಣಕವಾ ಎಂದು ನಕ್ಕ. ನಾಳೆಯೇ ಕ್ಲಿನಿಕ್ಕಿಗೆ ಬಾ ಎಂದಾಗ ನಗು ಆರಿತು. ಸಂತೆಗೂ ಅವ್ವ ಕೈ ಹಿಡಿದೇ ಕರೆದೊಯ್ಯುತ್ತಾಳಂತೆ, ಕ್ಲಿನಿಕ್ಕಿನ ಬೀದಿಗೆ ಕಾಲಿಟ್ಟರೆ ಮತ್ತೆ ಶಿಬಿರವಂತೆ. ಹಿರಿಯರು ಹತ್ತಿರ ಬರುತ್ತಿದ್ದರು. ಅವನು ತುಟಿ ಅಲುಗದಂತೆ ಹೇಳಿದ:

“ಅರ್ಧ ಚುಚ್ಚಿ ಕಾಯಿ ಅಂತಿದ್ವಲ್ಲ ಎಲ್ರಿಗೂ. ಎಲ್ಲಿ ಕೂತ್ಕೊಂಡು ಕಾಯೋದು ಅಂತ ಒಬ್ರಿಗಾದ್ರೂ ಹೇಳಿದ್ವಾ?”



ಸೂಜಿ ಹಂಚುವ ನಮ್ಮ ಕೇಂದ್ರದ ಮೇಲ್ವಿಚಾರಕಿ ಸೆಂಗ್ ರೋಯ್ ಅಕ್ಕನೂ ಕಾಯ್ ರಾಳ ಮನೆಗೆ ಹೋಗಿ ಬೈಸಿಕೊಂಡು ಬಂದಳು. ಮನೆಯವರು ಒಪ್ಪದೆ ಒಳನುಗ್ಗಿದರೆ ಕೇಂದ್ರ ಮುಚ್ಚಿಸುತ್ತಾರೆ ಕಣೋ ಎಂದಳು. ಪಟ್ಟಣದ ಸಭೆಗಳಲ್ಲಿ ನಮ್ಮ ಕೆಲಸಕ್ಕೆ ಚಪ್ಪಾಳೆ ತಟ್ಟುವವರು ಒಬ್ಬರೂ ಆ ಬಾಗಿಲಿಗೆ ಬರಲಿಲ್ಲ.

ವಾರ ತುಂಬುವ ಮೊದಲೇ, ನಡುಮಧ್ಯಾಹ್ನ, ಕಾಯ್ ರಾಳ ಪಕ್ಕದ ಮನೆಯವಳು ಓಡಿಬಂದಳು. ಓಡಿದೆ. ಹಿರಿಯರು ಆಗಲೇ ನೆರೆದಿದ್ದರು. ತಾಯಿ ಮೊದಲು ಕರೆದದ್ದು ಅವರನ್ನೇ. ಜಾವ್ ತಾಂಗ್ ಅಂಗಳದಲ್ಲಿ ಅಂಗಾತ ಬಿದ್ದಿದ್ದ. ಬಾಯಿಗೆ ಉಪ್ಪುನೀರು ಹೊಯ್ದಿದ್ದರು, ಪಾದಕ್ಕೆ ಬಡಿದಿದ್ದರು, ಸುತ್ತ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ಅವರನ್ನು ತಳ್ಳಿ ತೊಡೆಗೆ ಔಷಧ ಕೊಟ್ಟೆ, ಬಾಯಿಗೆ ಬಾಯಿಟ್ಟು ಊದಿದೆ, ಇನ್ನೊಂದು ಕೊಟ್ಟೆ. ತುಟಿ ನೇರಳೆಯಾಗಿತ್ತು, ಬೆರಳು ತಣ್ಣಗಿತ್ತು. ಪಾಯಿಖಾನೆಯ ನೆಲದಲ್ಲಿದ್ದ ಸಿರಿಂಜಿನಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.

“ತಟ್ಟಿದೆ,” ಎಂದಳು ಕಾಯ್ ರಾ. “ಬಂದೆ ಅವ್ವ ಅಂದ. ಇನ್ನೊಂದ್ಸಲ ತಟ್ಟಿದೆ. ಬಂದೆ, ಬಂದೆ ಅಂದ. ಆಮೇಲೆ ಅನ್ನಲಿಲ್ಲ.”

ಹೆಣದ ಮುಂದೆ ಪಾದ್ರಿ, ಹೃದಯ ನಿಂತಿತು ಎಂದರು. ಅದು ಮಾತ್ರ ಸುಳ್ಳಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಕಾಯ್ ರಾ ಪಹರೆಯವರ ಹಸಿರು ಅಂಗಿ ತೊಟ್ಟಳು. ಒಂದು ಬೆಳಿಗ್ಗೆ ಅವರೊಂದಿಗೆ ನಮ್ಮ ಕೇಂದ್ರಕ್ಕೇ ಬಂದಳು. ಸೂಜಿ ಪೆಟ್ಟಿಗೆಗಳನ್ನು ಸುಡಬೇಕಂತೆ, ಮಗನನ್ನು ಕೊಂದದ್ದು ಅವೇ ಅಂತೆ. ಸೆಂಗ್ ರೋಯ್ ಅಕ್ಕ ವಾದಕ್ಕೆ ನಿಂತಳು, ಅವಳನ್ನು ದೂಡಿದರು. ನಾನು ಉಗ್ರಾಣದ ಬಾಗಿಲಿಗೆ ಅಡ್ಡ ನಿಂತೆ. ಗಂಡಸರು ಮುಂದೆ ಬಂದಿದ್ದರೆ ಹೊಡೆದಾಡುತ್ತಿದ್ದೆ. ಅವಳೇ ಮುಂದೆ ಬಂದಳು.

“ಪಕ್ಕಕ್ಕೆ ಸರಿ ಮಗಾ.”

ಅವಳನ್ನು ತಡೆಯಬಲ್ಲ ಮಾತು ನನ್ನಲ್ಲಿ ಒಂದೇ ಇತ್ತು. ಅವನಿಗೆ ಕಾಯಲು ಹೊತ್ತಿರಲಿಲ್ಲ, ನೀನು ತಟ್ಟುತ್ತಿದ್ದೆ, ಅದಕ್ಕೇ ಅಷ್ಟನ್ನೂ ಒಮ್ಮೆಗೇ ಚುಚ್ಚಿಕೊಂಡ. ಅದನ್ನು ಕೇಳಿಸಿಕೊಂಡು ಅವಳು ಉಳಿಯುತ್ತಿರಲಿಲ್ಲ. ನಾಲಿಗೆ ತುದಿಗೆ ಬಂದಿತ್ತು.

ಸರಿದೆ. ಪೆಟ್ಟಿಗೆಗಳೆಲ್ಲ ರಸ್ತೆಯಲ್ಲಿ ಉರಿದವು. ಸಂಜೆ ಗುಡ್ಡಕ್ಕೆ ಬರಿಗೈಯಲ್ಲಿ ಹೋದಾಗ ಹುಡುಗರು ಒಂದೇ ಸೂಜಿಯನ್ನು ಕೊಚ್ಚೆ ನೀರಿನಲ್ಲಿ ಅದ್ದಿ ಅದ್ದಿ, ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಕುಳಿತಿದ್ದರು. ಏನು ತಂದಿದೀಯ ಎಂದು ಕೇಳಿದರು.