ಕರಿ ಎಳೆಯ ಕುಂಚಿ

ನಾನು ಒಂದು ಕುಂಚಿ; ಕೂಸಿನ ತಲೆ ಮುಚ್ಚಿ ಬೆನ್ನ ಮೇಲೆ ಇಳಿಯುವ ಟೊಪ್ಪಿಗೆ. ಧಾರವಾಡ ಸೀಮೆಯ ನೀಲಗಂಗವ್ವ ಶಿವನಾಮ ಹೇಳುತ್ತ, ಎಳೆ ಎಣಿಸುತ್ತ ನನ್ನ ಮೇಲೆ ಕೆಂಪು ದಾರದ ಕಸೂತಿ ತೆಗೆದಳು. ಅವಳ ಮೊದಲ ಮೊಮ್ಮಗ ನಲವತ್ತು ದಿನವೂ ಬಾಳಿರಲಿಲ್ಲ. ಎರಡನೆಯದಕ್ಕೆಂದು ನನ್ನನ್ನು ಹೊಲಿಯುವಾಗ ಕಸೂತಿಯ ಗೋಪುರ ಚಿತ್ತಾರದ ನಡುವೆ ಬೇಕೆಂದೇ ಒಂದು ಕರಿ ಎಳೆ ಹಾಕಿದಳು. “ನೋಡೋರ ಕಣ್ಣು ಇದರ ಮ್ಯಾಲ ಬೀಳಲಿ, ಕೂಸಿನ ಮ್ಯಾಲ ಬ್ಯಾಡ” ಅಂದಳು.

ಆ ಕೂಸು ಬದುಕಿತು. ಅದರ ಬೆನ್ನಿಗೆ ಹುಟ್ಟಿದ ಇಬ್ಬರೂ ನನ್ನ ನೆರಳಲ್ಲೇ ಬೆಳೆದರು. ಆಮೇಲೊಂದು ದಿನ ಸೊಸೆ ನನ್ನನ್ನು ಹಳೆ ಸೀರೆಗಳ ಜೊತೆ ಪಾತ್ರೆ ಮಾರುವವಳಿಗೆ ಹಾಕಿ ಸ್ಟೀಲಿನ ಡಬ್ಬಿ ತೆಗೆದುಕೊಂಡಳು. ಸಂತೆಯಲ್ಲಿ ಸಿಕ್ಕ ನನ್ನನ್ನು ಪ್ರಾಧ್ಯಾಪಕಿ ವೈಜಯಂತಿ ಮೇಡಂ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯಕ್ಕೆ ತಂದರು.

ಕೂಸಿನ ತಲೆಯ ಜೊತೆ ಹೊರಳಾಡಿದ ನನಗೆ ಮರದ ಡ್ರಾಯರಿನಲ್ಲಿ ನಿದ್ದೆ ಎಲ್ಲಿಯದು? ವರ್ಷಕ್ಕೊಮ್ಮೆ ತರಗತಿಗೆ ಒಯ್ದು, “ಇದರಾಗಿನ ತಪ್ಪು ಹುಡುಕ್ರಿ” ಎನ್ನುತ್ತಿದ್ದರು ಮೇಡಂ. ಎಲ್ಲರ ಬೆರಳೂ ಕರಿ ಎಳೆಗೇ ಬರುತ್ತಿತ್ತು. ನನ್ನ ಜೀವ ಕುದಿಯುತ್ತಿತ್ತು.

ಈ ಸಲ ಪ್ರದರ್ಶನ ಬಂತು. ಮೇಡಂ ಸಂಶೋಧನಾ ವಿದ್ಯಾರ್ಥಿನಿ ದಾಕ್ಷಾಯಣಿಯ ಕೈಗೆ ಸಣ್ಣ ಕತ್ತರಿ ಕೊಟ್ಟರು.

“ಆ ಕರಿ ದಾರ ಯಾರೋ ಆಮ್ಯಾಲ ಹಾಕಿದ ತೇಪಿ. ತಗದಬಿಡು, ಕೆಂಪು ತುಂಬೋಣ.”

ಕತ್ತರಿಯ ತುದಿ ಎಳೆಯನ್ನು ಮುಟ್ಟಿತು. ನೀಲಗಂಗವ್ವನ ಶಿವನನ್ನೇ ನೆನೆದೆ. ದಾಕ್ಷಾಯಣಿ ಯಾಕೋ ತಡೆದು, ನನ್ನನ್ನು ತಿರುವಿ ನೋಡಿದಳು. ಹಿಂಬದಿಯಲ್ಲಿ ಕೆಂಪು ದಾರ ಕರಿಯದಕ್ಕೆ ಜಾಗ ಬಿಟ್ಟು ಬಳಸಿ ಹೋಗಿತ್ತು.

“ತೇಪಿ ಅಲ್ರಿ ಮೇಡಂ. ಮೊದಲಿಗೇ ಜಾಗಾ ಬಿಟ್ಟಾರ. ಮುಂಜಾನೆ ನಾನೂ ಮಗಳ ಗಲ್ಲಕ್ಕ ಕಾಡಿಗಿ ಬೊಟ್ಟು ಇಟ್ಟು ಬಂದೀನಿ. ಅದನ್ನೂ ಒರಸು ಅಂತೀರೇನು?”

“ನಿನ್ನ ಮಗಳ ಗಲ್ಲ ಪ್ರಬಂಧಕ್ಕ ಪುರಾವೆ ಆಗ್ತದೇನ, ಹುಚ್ಚಿ? ಡ್ರಾಯರಿನಾಗಿನ ಉಳಿದ ಕುಂಚಿನೂ ಹೊರಗ ತಗಿ, ನೋಡೋಣ.”

ನನ್ನನ್ನೂ ಸೇರಿಸಿ ಹದಿನಾಲ್ಕು ಕುಂಚಿಗಳು ಮೇಜಿನ ಮೇಲೆ ಬಂದವು. ಒಂಬತ್ತರಲ್ಲಿ ಇಂಥದೇ ಬೇಕೆಂದು ಮಾಡಿದ ಗುರುತಿತ್ತು. ಒಂದರಲ್ಲಿ ಕರಿ ಎಳೆ, ಇನ್ನೊಂದರಲ್ಲಿ ಬಾಲವಿಲ್ಲದ ನವಿಲು.

ಮೇಡಂ ಕತ್ತರಿ ಎತ್ತಿಟ್ಟರು. “ಇಪ್ಪತ್ತು ವರ್ಷ, ತಪ್ಪು ಹುಡುಕಿದೋರಿಗೆ ಅಂಕ ಕೊಟ್ನಲ್ಲ” ಎಂದರು.

ಈಗ ನಾವು ಹದಿನಾಲ್ಕೂ ಒಂದೇ ಗಾಜಿನ ಹಿಂದಿದ್ದೇವೆ. ವಿದ್ಯಾರ್ಥಿಗಳು ಬಂದು ಬರೆದುಕೊಂಡು ಹೋಗುತ್ತಾರೆ. ಅರಿವೆ ಜೀರ್ಣವಾಯಿತು, ಮನಸ್ಸು ಮಾತ್ರ ತಣ್ಣಗಾಗಲೊಲ್ಲದು. ನನ್ನ ಪಕ್ಕದಲ್ಲೇ ಐದು ಕುಂಚಿಗಳಿವೆ, ಒಂದು ಎಳೆಯೂ ತಪ್ಪದವು. ಅವುಗಳ ಕೂಸುಗಳನ್ನು ಯಾರು ಕಾದರೋ ಶಿವನೇ ಬಲ್ಲ. ಕೇಳಲು ನನಗೆ ಧೈರ್ಯ ಸಾಲದು.